ಲ್ಯಾಪ್‌ಟಾಪ್‌ಗೆ ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಕಾ, ಬೇಡವಾ?

ಲ್ಯಾಪ್‌ಟಾಪ್ ಕೊಳ್ಳಲು ಹೋದರೆ ಅಂಗಡಿಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ: 'ಗ್ರಾಫಿಕ್ಸ್ ಕಾರ್ಡ್ ಇರೋದು ಕೊಡ್ಲಾ?' ಸುಮ್ನೆ ಹೂಂ ಅಂದರೆ ದುಡ್ಡೂ ಜಾಸ್ತಿ, ತೂಕವೂ ಜಾಸ್ತಿ. ಬೇಡ ಅಂದುಬಿಟ್ಟರೆ ಮುಂದೆ ಬೇಕಾದಾಗ ಒಳಗೆ ಹಾಕಿಸಿಕೊಳ್ಳಲು ಆಗುವುದಿಲ್ಲ, ಯಾಕೆಂದರೆ ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಪರದೆಯ ಮೇಲೆ ಚಿತ್ರ ಮೂಡಿಸುವ ಆ ಚಿಪ್ಪನ್ನು ಮದರ್‌ಬೋರ್ಡ್‌ಗೆ (ಒಳಗಿನ ಮುಖ್ಯ ಬೋರ್ಡ್‌ಗೆ) ಬೆಸುಗೆ ಹಾಕಿಯೇ ಕಳಿಸುತ್ತಾರೆ. ಹಾಗಾಗಿ ಮನೆಯಲ್ಲೇ ಯೋಚಿಸಿ ಹೊರಡಿ.

ಗ್ರಾಫಿಕ್ಸ್‌ನಲ್ಲಿ ಎರಡು ಜಾತಿ. ಇಂಟಿಗ್ರೇಟೆಡ್ ಅಂದರೆ ಪ್ರೊಸೆಸರ್ ಒಳಗೇ ಇರುವ ಗ್ರಾಫಿಕ್ಸ್. ಇಂಟೆಲ್ ಯುಎಚ್‌ಡಿ, ಐರಿಸ್ ಎಕ್ಸ್‌ಇ, ಎಎಂಡಿ ರೇಡಿಯಾನ್ 780ಎಂ ಇವೆಲ್ಲ ಈ ಜಾತಿಗೆ ಸೇರಿದವು. ಡೆಡಿಕೇಟೆಡ್ ಅಂದರೆ ಬೇರೆಯೇ ಚಿಪ್, ಅದಕ್ಕೆ ಬೇರೆ ಮೆಮೊರಿ. ಎನ್‌ವಿಡಿಯಾ ಆರ್‌ಟಿಎಕ್ಸ್ 3050, 4050, 4060 ಇಂಥವು. ಇದಿರುವ ಲ್ಯಾಪ್‌ಟಾಪ್‌ನಲ್ಲೂ ಸಾಮಾನ್ಯವಾಗಿ ಇಂಟಿಗ್ರೇಟೆಡ್ ಇದ್ದೇ ಇರುತ್ತದೆ, ಹಗುರ ಕೆಲಸವನ್ನೆಲ್ಲ ಅದೇ ಮಾಡುತ್ತದೆ.

ನಿಜವಾದ ಅಂತರ ಇರುವುದು ಮೆಮೊರಿಯಲ್ಲಿ. ಇಂಟಿಗ್ರೇಟೆಡ್‌ಗೆ ಸ್ವಂತ ಮೆಮೊರಿ ಇಲ್ಲ, ನಿಮ್ಮ ರ‍್ಯಾಮ್‌ನಲ್ಲೇ ಪಾಲು ಕೇಳುತ್ತದೆ. ಡಿಡಿಆರ್4 3200 ರ‍್ಯಾಮ್ ಒಂದೇ ಕಡ್ಡಿ ಇದ್ದರೆ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಓಡಾಡುತ್ತದೆ, ಎರಡು ಕಡ್ಡಿ ಇದ್ದರೆ 51.2 ಜಿಬಿ. ಆರ್‌ಟಿಎಕ್ಸ್ 4050ರ ಸ್ವಂತ ಮೆಮೊರಿಯಲ್ಲಿ ಸೆಕೆಂಡಿಗೆ 192 ಜಿಬಿ ಓಡಾಡುತ್ತದೆ. ಗೇಮ್ ಆಡುವಾಗ ಗೊತ್ತಾಗುವುದು ಇದೇ.

ಇಲ್ಲಿ ತುಂಬಾ ಜನ ಗಮನಿಸದ ಒಂದು ವಿಷಯವಿದೆ. ಡಬ್ಬದ ಮೇಲೆ ಐರಿಸ್ ಎಕ್ಸ್‌ಇ ಅಂತ ಬರೆದಿರುತ್ತದೆ, ಆದರೆ ಒಳಗೆ 8 ಜಿಬಿಯ ಒಂದೇ ಕಡ್ಡಿ ಇರುತ್ತದೆ. ಆಗ ವಿಂಡೋಸ್ ಅದನ್ನು ಬರೀ 'ಯುಎಚ್‌ಡಿ ಗ್ರಾಫಿಕ್ಸ್' ಅಂತಲೇ ತೋರಿಸುತ್ತದೆ, ಯಾಕೆಂದರೆ ಐರಿಸ್ ಎಕ್ಸ್‌ಇ ಅನ್ನಿಸಿಕೊಳ್ಳಲು ರ‍್ಯಾಮ್ ಡ್ಯುಯಲ್ ಚಾನೆಲ್‌ನಲ್ಲಿ, ಅಂದರೆ ಜೋಡಿಯಾಗಿ ಓಡುವ ಹಾಗೆ, ಇರಬೇಕು. ಖಾಲಿ ಸ್ಲಾಟ್ ಇದ್ದರೆ ಅದೇ ಅಳತೆಯ, ಅದೇ ವೇಗದ ಇನ್ನೊಂದು ಕಡ್ಡಿ ಹಾಕಿಸಿ. ಬೆಂಗಳೂರಿನವರಾದರೆ ಎಸ್.ಪಿ. ರೋಡ್‌ನ ಕಂಪ್ಯೂಟರ್ ಅಂಗಡಿಗಳಲ್ಲಿ ಹಾಕಿಯೇ ಕೊಡುತ್ತಾರೆ. ಹೊಸ ಲ್ಯಾಪ್‌ಟಾಪ್‌ಗೆ ದುಡ್ಡು ಸುರಿಯುವ ಮೊದಲು ಇದನ್ನು ಮಾಡಿ ನೋಡಿ ಅಂತಲೇ ನಾನು ಎಲ್ಲರಿಗೂ ಹೇಳುವುದು.

ನಿಮ್ಮದರಲ್ಲಿ ಏನಿದೆ ಅಂತ ನೋಡಬೇಕಾ? ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್‌ಗೆ ಹೋಗಿ. ಜಿಪಿಯು ಅಂದರೆ ಗ್ರಾಫಿಕ್ಸ್ ಚಿಪ್; ಜಿಪಿಯು 0, ಜಿಪಿಯು 1 ಅಂತ ಎರಡಿದ್ದರೆ ಸಾಮಾನ್ಯವಾಗಿ ಡೆಡಿಕೇಟೆಡ್ ಇದೆ ಅಂತ ಅರ್ಥ, ಹೆಸರೂ ಅಲ್ಲೇ ಇರುತ್ತದೆ. 'ಶೇರ್ಡ್ ಜಿಪಿಯು ಮೆಮೊರಿ 8 ಜಿಬಿ' ಅಂತ ಕಂಡರೆ ಖುಷಿಪಡಬೇಡಿ, ಅದು ನಿಮ್ಮ 16 ಜಿಬಿ ರ‍್ಯಾಮ್‌ನ ಅರ್ಧ ಅಷ್ಟೇ. ಇದನ್ನೇ ತೋರಿಸಿ '8 ಜಿಬಿ ಗ್ರಾಫಿಕ್ಸ್ ಇದೆ ಸಾರ್' ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಸರಿ, ಯಾರಿಗೆ ಯಾವುದು? ಆಫೀಸ್ ಕೆಲಸ, ಕೋಡಿಂಗ್, ಆನ್‌ಲೈನ್ ಕ್ಲಾಸ್, ಸಿನಿಮಾ, ಇದಕ್ಕೆಲ್ಲ ಇಂಟಿಗ್ರೇಟೆಡ್ ಧಾರಾಳ ಸಾಕು. ಎಂಜಿನಿಯರಿಂಗ್ ಸೇರುವ ಮಕ್ಕಳಿಗೆಲ್ಲ ಗೇಮಿಂಗ್ ಲ್ಯಾಪ್‌ಟಾಪೇ ಬೇಕು ಅನ್ನುವುದು ಸುಳ್ಳು. ಕಂಪ್ಯೂಟರ್ ಸೈನ್ಸ್‌ನವರಿಗೆ ದಿನಾ ಹೊತ್ತು ತಿರುಗಲು ಹಗುರ ಇರುವುದು, ಬ್ಯಾಟರಿ ಬಾಳುವುದು ಮುಖ್ಯ. ಆದರೆ ಮಷೀನ್ ಲರ್ನಿಂಗ್ ಮಾಡೆಲ್‌ಗಳನ್ನು ಸ್ವಂತ ಲ್ಯಾಪ್‌ಟಾಪ್‌ನಲ್ಲೇ ಟ್ರೇನ್ ಮಾಡುವವರು, ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ನಲ್ಲಿ ರೆಂಡರ್ ಮಾಡುವವರು, ದೊಡ್ಡ ಗೇಮ್ ಆಡುವವರು ಡೆಡಿಕೇಟೆಡ್ ತಗೊಳ್ಳಿ. ಮಷೀನ್ ಲರ್ನಿಂಗ್‌ಗೆ ಎನ್‌ವಿಡಿಯಾ ಇದ್ದರೆ ತಲೆನೋವು ಕಡಿಮೆ, ಹೆಚ್ಚಿನ ಸಾಫ್ಟ್‌ವೇರ್ ಎನ್‌ವಿಡಿಯಾ ಚಿಪ್‌ನಲ್ಲಿ ಲೆಕ್ಕ ಮಾಡಿಸುವ ಅದರ 'ಕುಡಾ' ತಂತ್ರಜ್ಞಾನದ ಮೇಲೆಯೇ ನಿಂತಿದೆ. ವಿಡಿಯೋ ಎಡಿಟಿಂಗ್ ಮಾಡುವವರೂ ಇಂಟಿಗ್ರೇಟೆಡ್ ಅಂದರೆ ಮೂಗು ಮುರಿಯಬೇಡಿ. ವಿಡಿಯೋ ಕೆಲಸಕ್ಕೆಂದೇ ಇರುವ ಇಂಟೆಲ್‌ನ ಕ್ವಿಕ್ ಸಿಂಕ್ 2011ರಿಂದಲೂ ಪ್ರೊಸೆಸರ್ ಒಳಗೇ ಇದೆ, ವಿಡಿಯೋ ತೆರೆಯುವುದು, ಎಕ್ಸ್‌ಪೋರ್ಟ್ ಮಾಡುವುದು ಎರಡಕ್ಕೂ ಚೆನ್ನಾಗಿ ನೆರವಾಗುತ್ತದೆ.

ಡೆಡಿಕೇಟೆಡ್ ತಗೊಳ್ಳುವುದು ಅಂತ ಆದರೆ ಹೆಸರು ನೋಡಿ ಸುಮ್ಮನಾಗಬೇಡಿ, ಆ ಚಿಪ್ಪು ಎಷ್ಟು ವ್ಯಾಟ್ ವಿದ್ಯುತ್ ಬಳಸಬಹುದು ಅಂತ ಕೇಳಿ. ಒಂದೇ ಆರ್‌ಟಿಎಕ್ಸ್ 4050 ಚಿಪ್ಪನ್ನು ಲ್ಯಾಪ್‌ಟಾಪ್ ಕಂಪನಿಗಳು 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಹೇಗೆ ಬೇಕಾದರೂ ಕಟ್ಟಬಹುದು. ತೆಳ್ಳಗಿನದರಲ್ಲಿ ಕಡಿಮೆ ವ್ಯಾಟ್, ದಪ್ಪದರಲ್ಲಿ ಜಾಸ್ತಿ. ಹೆಸರು ಒಂದೇ, ಓಟ ಬೇರೆ. ಕಂಪನಿಯ ವೆಬ್‌ಸೈಟ್‌ನಲ್ಲಿ 'ಟಿಜಿಪಿ' (ಆ ವ್ಯಾಟ್ ಲೆಕ್ಕದ ಹೆಸರು) ಅಂತ ಹುಡುಕಿ. ಅಲ್ಲಿ ಬರೆದೇ ಇಲ್ಲವೆಂದರೆ ಅದೇ ಮಾಡೆಲ್‌ನ ರಿವ್ಯೂ ನೋಡಿಯೇ ಮುಂದುವರಿಯಿರಿ.

ತಂದ ಮೇಲೆ ಗೇಮ್ ಕುಂಟುತ್ತಿದ್ದರೆ ಅದು ಇಂಟಿಗ್ರೇಟೆಡ್ ಮೇಲೆ ಓಡುತ್ತಿರಬಹುದು. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್ ಅಂತ ಹೋಗಿ, ಆ ಗೇಮ್ ಆರಿಸಿ 'ಹೈ ಪರ್ಫಾರ್ಮೆನ್ಸ್' ಇಡಿ. ಚಾರ್ಜರ್ ಹಾಕಿಕೊಂಡೇ ಆಡಿ, ಬ್ಯಾಟರಿಯಿಂದ ಆ ಚಿಪ್ಪಿಗೆ ಪೂರ್ತಿ ವ್ಯಾಟ್ ಸಿಗುವುದಿಲ್ಲ.