ಸ್ಲೋ ಕುಕ್ಕರ್‌ಗೆ ನೀರು ಸುರಿಯುವ ಮುನ್ನ

ಸ್ಲೋ ಕುಕ್ಕರ್ ಅಂದರೆ ಕಡಿಮೆ ಬಿಸಿಯಲ್ಲಿ ಗಂಟೆಗಟ್ಟಲೆ ನಿಧಾನವಾಗಿ ಬೇಯಿಸುವ ಕರೆಂಟ್ ಪಾತ್ರೆ. ಅದನ್ನು ಕೊಂಡವರ ದೂರು ಸಾಮಾನ್ಯವಾಗಿ ಎರಡೇ. 'ಏನು ಮಾಡಿದ್ರೂ ನೀರು ನೀರಾಗುತ್ತೆ' ಅನ್ನೋದು ಒಂದು. 'ಎಂಟು ಗಂಟೆ ಇಟ್ರೂ ಕಾಳು ಬೇಯಲಿಲ್ಲ' ಅನ್ನೋದು ಇನ್ನೊಂದು. ಮೂರನೇ ತಿಂಗಳಿಗೆ ಪಾತ್ರೆ ಅಟ್ಟ ಸೇರಿರುತ್ತದೆ. ಸ್ಟವ್ ಮೇಲೆ ಮಾಡುವ ಅಡುಗೆಯನ್ನೇ ತಂದು ಇದರೊಳಗೆ ಸುರಿದರೆ ಹೀಗೇ ಆಗೋದು.

ದುಡ್ಡು ಉಳಿಯುತ್ತದೆ ಅಂತ ಕೊಂಡಿದ್ದರೆ ಇನ್ನೊಂದು ಮಾತು. ದುಬಾರಿ ಸಾಮಾನನ್ನೇ ಇದರಲ್ಲಿ ಬೇಯಿಸಿದರೆ ಏನೂ ಉಳಿಯುವುದಿಲ್ಲ. ಒಣ ಕಾಳು, ಗಡ್ಡೆ ತರಕಾರಿ, ಗಟ್ಟಿ ಅಂತ ಜನ ಬಿಟ್ಟುಹೋಗುವ ಮಾಂಸ, ಇವು ಒಳಗೆ ಹೋದಾಗ ಮಾತ್ರ ಉಳಿತಾಯ. 1 ಕಿಲೋ ಒಣ ಕಾಳು ಬೆಂದಾಗ ಹೆಚ್ಚುಕಮ್ಮಿ ಎರಡೂವರೆ ಕಿಲೋ ಆಗುತ್ತದೆ. ಕರೆಂಟಿನ ಚಿಂತೆ ಬೇಡ: 200 ವ್ಯಾಟ್‌ನ ಕುಕ್ಕರ್ ಎಂಟು ಗಂಟೆ ಬಿಡದೆ ಉರಿದರೂ 1.6 ಯೂನಿಟ್ ಅಷ್ಟೇ.

ಹಾಗೆ ನೋಡಿದರೆ ಇದರ ಹುಟ್ಟಿಗೂ ಕಾಳಿಗೂ ನಂಟಿದೆ. ಅಮೆರಿಕದ ಇರ್ವಿಂಗ್ ನ್ಯಾಕ್ಸನ್ 1940ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಲಿಥುವೇನಿಯಾದಲ್ಲಿ ಬೆಳೆದ ಅವರ ತಾಯಿ, ಬೇಕರಿಯ ಆರುತ್ತಿರುವ ಒಲೆಯಲ್ಲಿ ರಾತ್ರಿಯಿಡೀ ಪಾತ್ರೆ ಇಟ್ಟು ಬೇಯಿಸುತ್ತಿದ್ದ ಕಥೆ ಹೇಳುತ್ತಿದ್ದರಂತೆ. ನ್ಯಾಕ್ಸನ್ ತಮ್ಮ ಪಾತ್ರೆಗೆ ಇಟ್ಟ ಹೆಸರು 'ಬೀನರಿ', 'ಬೀನ್' ಅಂದರೆ ಕಾಳು. 1971ರಲ್ಲಿ ಬೇರೆ ಕಂಪನಿ ಅದನ್ನೇ ತಿದ್ದಿ 'ಕ್ರಾಕ್-ಪಾಟ್' ಅಂತ ಮಾರಿದ ಮೇಲೆ ಮನೆಮನೆಗೆ ಹೋಯಿತು.

ಹಂತ 1: ಪಾತ್ರೆ ಪರೀಕ್ಷೆ

ಹೊಸದಾಗಲಿ, ಯಾರೋ ಕೊಟ್ಟಿದ್ದಾಗಲಿ, ಮೊದಲು ಅರ್ಧ ನೀರು ತುಂಬಿ, ಗುಂಡಿಯನ್ನು 'ಲೋ'ಗೆ (ಕಡಿಮೆ ಬಿಸಿ; 'ಹೈ' ಅಂದರೆ ಜಾಸ್ತಿ) ತಿರುಗಿಸಿ ಎಂಟು ಗಂಟೆ ಇಡಿ. ಮುಚ್ಚಳ ತೆಗೆದ ಕೂಡಲೇ ಥರ್ಮಾಮೀಟರ್ ಅದ್ದಿ ನೋಡಿ. 85ರಿಂದ 93 ಡಿಗ್ರಿ ಸೆಲ್ಸಿಯಸ್ ಇದ್ದರೆ ಸರಿ. 85ಕ್ಕಿಂತ ಕೆಳಗಿದ್ದರೆ ಆ ಪಾತ್ರೆಯ ಸಹವಾಸ ಬೇಡ. ಮುಚ್ಚಳ ಲಟಲಟ ಅಲ್ಲಾಡುವ ಅಗ್ಗದ ಮಾಡೆಲ್‌ಗಳನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ಹಂತ 2: ಕಾಳು

ಜನ ಅತಿ ಹೆಚ್ಚು ಕೆಡಿಸುವುದು ಇಲ್ಲೇ. ರಾಜ್ಮಾ ಆದರೆ ಬರೀ ರುಚಿ ಕೆಡುವುದಿಲ್ಲ, ಹೊಟ್ಟೆಯೂ ಕೆಡುತ್ತದೆ.

ಹಸಿ ಕೆಂಪು ರಾಜ್ಮಾದಲ್ಲಿ ಫೈಟೋಹೀಮಗ್ಲುಟಿನಿನ್ ಎಂಬ ವಿಷವಿದೆ. ಸರಿಯಾಗಿ ಬೇಯದ ನಾಲ್ಕೈದು ಕಾಳು ಸಾಕು, ಒಂದರಿಂದ ಮೂರು ಗಂಟೆಯೊಳಗೆ ವಾಂತಿ ಶುರು. ಜೋರಾಗಿ ಕುದಿಸಿದರೆ ಈ ವಿಷ ಹೋಗುತ್ತದೆ. ಆದರೆ 80 ಡಿಗ್ರಿಯ ಆಸುಪಾಸಿನಲ್ಲೇ ಬೆಚ್ಚಗೆ ಕೂತರೆ ಹಸಿ ಕಾಳಿಗಿಂತ ಐದು ಪಟ್ಟು ಜಾಸ್ತಿಯಾಗಬಹುದು. ಸ್ಲೋ ಕುಕ್ಕರ್ ಒಳಗೆ ಗಂಟೆಗಟ್ಟಲೆ ಇರುವುದು ಅಂಥದ್ದೇ ಬಿಸಿ. 'ಎಂಟು ಗಂಟೆ ಬೆಂದಿದೆಯಲ್ಲ, ಇನ್ನೇನು' ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಆದ್ದರಿಂದ ಹೀಗೆ ಮಾಡಿ. ರಾತ್ರಿ ಜಾಸ್ತಿ ನೀರಿನಲ್ಲಿ ನೆನೆಹಾಕಿ. ಕಡಿಮೆ ಅಂದರೂ ಐದು ಗಂಟೆ ನೆನೆಯಬೇಕು. ಬೆಳಿಗ್ಗೆ ಆ ನೀರು ಚೆಲ್ಲಿ, ತೊಳೆದು, ಹೊಸ ನೀರು ಹಾಕಿ ಸ್ಟವ್ ಮೇಲೆ ಇಡಿ. ಕುದಿ ಬಂದ ಮೇಲೆ ಗಡಿಯಾರ ನೋಡಿ. ಬದಿಯಲ್ಲಿ ಸಣ್ಣ ಗುಳ್ಳೆ ಎದ್ದರೆ ಅದು ಕುದಿಯಲ್ಲ. ಕಾಳುಗಳು ಕೆಳಗೆ ಮೇಲೆ ಉರುಳಾಡಬೇಕು. ಹಾಗೆ ಉರುಳಾಡುತ್ತಾ 10 ನಿಮಿಷ ಕುದಿಯಲೇಬೇಕು, ನಾನು 30 ನಿಮಿಷ ಬಿಡುತ್ತೇನೆ. ಆ ನೀರನ್ನೂ ಚೆಲ್ಲಿ, ಆಮೇಲೆ ಸ್ಲೋ ಕುಕ್ಕರ್‌ಗೆ ವರ್ಗಾಯಿಸಿ. ಬಿಳಿ ರಾಜ್ಮಾಗೂ ಇದೇ ಕ್ರಮ. ಕಡಲೆಕಾಳಿಗೆ ಇಷ್ಟು ಭಯ ಬೇಡ, ನೆನೆಸಿದರೆ ಸಾಕು. ಬೇಳೆಯನ್ನು ನೆನೆಸುವುದೂ ಬೇಡ. ಡಬ್ಬಿಯ ಕಾಳು ಮೊದಲೇ ಬೆಂದಿರುತ್ತದೆ, ಆದರೆ ಡಬ್ಬಿಗೆ ದುಡ್ಡು ಕೊಡುವುದಾದರೆ ಈ ಪಾತ್ರೆ ಯಾಕೆ?

ಇನ್ನು 'ಬೇಯಲೇ ಇಲ್ಲ' ಅನ್ನುವ ದೂರು. ವಿಚಾರಿಸಿದರೆ ಹತ್ತರಲ್ಲಿ ಎಂಟು ಜನ ಶುರುವಿಗೇ ಟೊಮೆಟೊ ಹಾಕಿರುತ್ತಾರೆ. ಹುಳಿ ಇದ್ದ ಕಡೆ ಕಾಳಿನ ಸಿಪ್ಪೆ ಮೆತ್ತಗಾಗುವುದಿಲ್ಲ. ಟೊಮೆಟೊ, ನಿಂಬೆರಸ, ವಿನೆಗರ್ ಎಲ್ಲಾ ಕಾಳು ಬೆಂದ ಮೇಲೆಯೇ. ಒಂದು ಕಾಳನ್ನು ನಾಲಿಗೆ ಮತ್ತು ಅಂಗುಳದ ನಡುವೆ ಒತ್ತಿ ನೋಡಿ. ಹಲ್ಲಿನ ಸಹಾಯವಿಲ್ಲದೆ ಹಿಟ್ಟಾದರೆ ಬೆಂದಿದೆ. ಆಗ ಟೊಮೆಟೊ ಹಾಕಿ 'ಹೈ'ನಲ್ಲಿ ಇನ್ನೊಂದು ಗಂಟೆ ಬಿಡಿ. ಉಪ್ಪು ಮೊದಲೇ ಹಾಕಿದರೆ ಕಾಳು ಬೇಯುವುದಿಲ್ಲ ಅನ್ನುವುದು ಸುಮ್ನೆ ಹೆದರಿಕೆ, ಧಾರಾಳವಾಗಿ ಹಾಕಿ.

ಹಂತ 3: ನೀರು

ಸ್ಟವ್ ಮೇಲೆ ಆವಿ ಹೊರಗೆ ಹೋಗುತ್ತದೆ. ಇಲ್ಲಿ ಹೋಗುವುದಿಲ್ಲ. ಮುಚ್ಚಳಕ್ಕೆ ತಾಗಿ, ಹನಿಯಾಗಿ, ವಾಪಸ್ ಅದೇ ಪಾತ್ರೆಗೆ ಬೀಳುತ್ತದೆ. ಜೊತೆಗೆ ಈರುಳ್ಳಿ, ಟೊಮೆಟೊ, ಮಾಂಸ ತಮ್ಮ ನೀರನ್ನೂ ಬಿಡುತ್ತವೆ. ಹಾಗಾಗಿ ಸ್ಟವ್ ಅಡುಗೆಗೆ ಹಾಕುವ ನೀರಿನಲ್ಲಿ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಕಡಿತ ಮಾಡಿ. ಮಾಂಸದ ಅಡುಗೆಗೆ ಅರ್ಧ ಲೋಟ ಸಾಕು. ಮೊದಲು ನೋಡಿದಾಗ 'ಇಷ್ಟೇನಾ, ತಳ ಹಿಡಿಯಲ್ವಾ?' ಅನ್ನಿಸುತ್ತದೆ. ಕೈ ಕಟ್ಟಿಕೊಂಡು ಕೂತುಬಿಡಿ. ಮೂರು ಗಂಟೆ ಕಳೆದ ಮೇಲೆ ಅರ್ಧ ಮುಳುಗಿರುತ್ತದೆ. ನೆನೆಸಿದ ಕಾಳಿಗೆ ಮಾತ್ರ ಕಾಳಿನ ಮೇಲೆ ಒಂದು ಬೆರಳಿನ ಅಗಲ ನೀರು ನಿಲ್ಲಬೇಕು.

ಆದರೂ ನೀರಾಯಿತೇ? ಒಂದು ಸೌಟು ಕಾಳು ಅಥವಾ ಆಲೂಗಡ್ಡೆ ತೆಗೆದು ಕಿವುಚಿ ವಾಪಸ್ ಹಾಕಿ. ಕೊನೆಯ ಅರ್ಧ ಗಂಟೆ ಮುಚ್ಚಳ ತೆಗೆದು 'ಹೈ' ಇಡಿ. 'ಸ್ಲೋ ಕುಕ್ಕರ್ ಮಿಕ್ಸ್' ಅಂತ ಬರುವ ಪ್ಯಾಕೆಟ್‌ಗಳಿಗೆ ಕೈ ಹಾಕಬೇಡಿ. ಸಾಮಾನ್ಯವಾಗಿ ಉಪ್ಪು ಮತ್ತು ಕಾರ್ನ್‌ಫ್ಲೋರ್‌ಗೇ ದುಡ್ಡು ಕೊಡುತ್ತಿರುತ್ತೀರಿ.

ಹಂತ 4: ಜೋಡಿಸುವುದು

ಗಡ್ಡೆ ತರಕಾರಿ ಮಾಂಸಕ್ಕಿಂತ ನಿಧಾನ ಬೇಯುತ್ತದೆ. ನಂಬುವುದು ಕಷ್ಟ, ಆದರೆ ಹೌದು. ಆಲೂಗಡ್ಡೆ, ಕ್ಯಾರೆಟ್‌ಗಳನ್ನು ಎರಡು ಸೆಂಟಿಮೀಟರ್ ಹೋಳು ಮಾಡಿ ತಳದಲ್ಲಿ ಹಾಸಿ, ಮಾಂಸ ಮೇಲಿಡಿ. ಅರ್ಧದಿಂದ ಮುಕ್ಕಾಲು ಪಾತ್ರೆ ತುಂಬಲಿ.

ಮಾಂಸದಲ್ಲಿ ಭುಜ, ಕಾಲಿನ ಭಾಗ, ಕೋಳಿಯ ತೊಡೆ ತನ್ನಿ. ಇವುಗಳ ಅಂಟು ನಾರು ಗಂಟೆಗಟ್ಟಲೆ ಬಿಸಿಗೆ ಕರಗಿ ಗ್ರೇವಿಗೆ ಮೈ ಕೊಡುತ್ತದೆ. ಕೋಳಿಯ ಎದೆಭಾಗ ದುಬಾರಿ, ಮೇಲಾಗಿ ಎಂಟು ಗಂಟೆಗೆ ಹತ್ತಿಯಾಗುತ್ತದೆ. ಫ್ರೀಜರ್‌ನಿಂದ ತೆಗೆದ ಕಲ್ಲಿನಂಥ ಮಾಂಸವನ್ನು ಹಾಗೇ ಹಾಕಲೇಬೇಡಿ. ಅದು ಬಿಸಿಯಾಗುವಷ್ಟರಲ್ಲಿ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಟೈಮರ್ ಇಟ್ಟು ಹಸಿ ಮಾಂಸವನ್ನು ಬೆಳಿಗ್ಗೆಯಿಂದ ತಣ್ಣಗೆ ಕೂರಿಸುವುದೂ ಅಷ್ಟೇ ತಪ್ಪು.

ಈರುಳ್ಳಿಯನ್ನು ಮೊದಲು ಬಾಣಲೆಯಲ್ಲಿ ಕೆಂಪಗೆ ಹುರಿದು ಹಾಕಿ. 'ಎಲ್ಲಾ ಒಟ್ಟಿಗೆ ಸುರಿದು ಗುಂಡಿ ಒತ್ತಿ' ಅನ್ನುವವರ ಮಾತು ಕೇಳಬೇಡಿ. ಕುಕ್ಕರ್ ಒಳಗೆ ಈರುಳ್ಳಿ ಬೇಯುತ್ತದೆ, ಕೆಂಪಾಗುವುದಿಲ್ಲ. ಆ ಹತ್ತು ನಿಮಿಷ ಉಳಿಸಲು ಹೋಗಿ ಇಡೀ ಪಾತ್ರೆ ಸಪ್ಪೆಯಾಗುತ್ತದೆ.

ಹಂತ 5: ಮುಚ್ಚಿ, ಮರೆತುಬಿಡಿ

'ಲೋ'ನಲ್ಲಿ ಏಳೆಂಟು ಗಂಟೆ, 'ಹೈ'ನಲ್ಲಿ ಮೂರ್ನಾಲ್ಕು. ಬಹುತೇಕ ಮಾಡೆಲ್‌ಗಳಲ್ಲಿ ಎರಡೂ ಕೊನೆಗೆ ಮುಟ್ಟುವ ಬಿಸಿ ಹೆಚ್ಚುಕಮ್ಮಿ ಒಂದೇ, ಬೇಗ ಮುಟ್ಟುವುದು 'ಹೈ'. 'ವಾರ್ಮ್' ಬೆಂದಿದ್ದನ್ನು ಬಿಸಿಯಾಗಿಡಲು ಮಾತ್ರ.

ಇಣುಕಬೇಡಿ. ಮುಚ್ಚಳ ತೆಗೆದ ಪ್ರತಿ ಸಲ ಅಡುಗೆ 20ರಿಂದ 30 ನಿಮಿಷ ಹಿಂದೆ ಬೀಳುತ್ತದೆ. ಮೊದಮೊದಲು ನಾನು ಗಂಟೆಗೊಮ್ಮೆ ಸೌಟು ಆಡಿಸುತ್ತಿದ್ದೆ. ಸಂಜೆ ಏಳಕ್ಕೆ ಆಗಬೇಕಿದ್ದ ಊಟ ಹತ್ತಕ್ಕಾಯಿತು, ಅಷ್ಟರಲ್ಲಿ ಮಕ್ಕಳು ಬ್ರೆಡ್ ತಿಂದು ಮಲಗಿದ್ದರು. ಗಾಜಿನ ಮುಚ್ಚಳದ ಆವಿ ಬೀಳಿಸಲು ಹೊರಗಿನಿಂದ ಒಂದು ತಟ್ಟು ತಟ್ಟಿ, ಒಳಗಿನದು ಕಾಣುತ್ತದೆ. ನೀವು ಹೊರಗಿದ್ದಾಗ ತುಂಬಾ ಹೊತ್ತು ಕರೆಂಟ್ ಹೋಗಿತ್ತು ಅಂತ ಗೊತ್ತಾದರೆ, ನೋಡಲು ಚೆನ್ನಾಗಿದ್ದರೂ ಚೆಲ್ಲಿ.

ಹಾಲು, ಕೆನೆ, ಮೊಸರು ಕೊನೆಯ ಅರ್ಧ ಗಂಟೆಯಲ್ಲಿ, ಇಲ್ಲದಿದ್ದರೆ ಒಡೆಯುತ್ತವೆ. ಸೊಪ್ಪು, ಮೀನು ಕೂಡ ಕೊನೆಗೇ.

ಹಂತ 6: ಉಳಿದಿದ್ದು

ಎರಡು ದಿನಕ್ಕಾಗುವಷ್ಟು ಮಾಡುವುದೇ ಇದರ ಲಾಭ. ಉಳಿದದ್ದನ್ನು ಅಗಲ ಡಬ್ಬಿಗಳಿಗೆ ತೆಳ್ಳಗೆ ಹರಡಿ, ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಮರುದಿನ ಬಿಸಿ ಮಾಡುವುದು ಸ್ಟವ್ ಮೇಲೆ, ಇದರಲ್ಲಿ ಅಲ್ಲ. ಮತ್ತೆ ಬಿಸಿಯಾಗಲು ಇದಕ್ಕೆ ಗಂಟೆಗಟ್ಟಲೆ ಬೇಕು.

ಪಿಂಗಾಣಿ ಪಾತ್ರೆಯನ್ನು ಪೂರ್ತಿ ಆರಿದ ಮೇಲೆ ತೊಳೆಯಿರಿ. ಊಟ ಮುಗಿದ ಉತ್ಸಾಹದಲ್ಲಿ ಬಿಸಿ ಪಾತ್ರೆಯನ್ನು ಸಿಂಕ್‌ನಲ್ಲಿಟ್ಟು ನಲ್ಲಿ ತಿರುಗಿಸಿದ್ದೆ ಒಮ್ಮೆ. ಟಕ್ ಅಂತ ಒಂದೇ ಸದ್ದು, ಬಾಯಿಯಿಂದ ತಳದವರೆಗೆ ಕೂದಲೆಳೆಯಂಥ ಬಿರುಕು.