ಲೈಬ್ರರಿ ಕಾರ್ಡ್ ಮಾಡಿಸುವವರಿಗೆ, ಎದುರಿನ ಜೆರಾಕ್ಸ್ ಅಂಗಡಿಯಿಂದ

ನನ್ನ ಜೆರಾಕ್ಸ್ ಅಂಗಡಿ ನಮ್ಮ ತಾಲೂಕು ಕೇಂದ್ರದ ಶಾಖಾ ಗ್ರಂಥಾಲಯದ ಎದುರಿಗೇ ಇದೆ. ಲೈಬ್ರರಿಯವರನ್ನು ಕೇಳಬೇಕಾದ್ದನ್ನೆಲ್ಲ ಜನ ನನ್ನನ್ನೇ ಕೇಳುತ್ತಾರೆ. ಎಲ್ಲರಿಗೂ ಒಟ್ಟಿಗೇ ಹೇಳಿಬಿಡುತ್ತೇನೆ.

ಮೊದಲು ಮನೆ ಕಂದಾಯದ ರಸೀದಿ ತೆಗೆದು ನೋಡಿ. ‘ಗ್ರಂಥಾಲಯ ಕರ’ ಅಂತ ಒಂದು ಸಾಲು ಇರುತ್ತದೆ. ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 6 ರೂಪಾಯಿ. ಎರಡು ಸಾವಿರ ತೆರಿಗೆ ಇದ್ದರೆ 120 ರೂಪಾಯಿ ಲೈಬ್ರರಿ ಪಾಲು. ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು ಅಂತಿದ್ದಾಗ, 1965ರಲ್ಲಿ, ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂತು. ಈ ಕರ ಬಂದದ್ದು ಅದರಿಂದಲೇ. ಬಾಡಿಗೆ ಮನೆಯವರೂ ಸುಮ್ನೆ ಇರಬೇಡಿ, ಓನರ್ ಅದನ್ನು ನಿಮ್ಮ ಬಾಡಿಗೆಯಿಂದಲೇ ಕಟ್ಟುವುದು. ದುಡ್ಡು ಕೊಟ್ಟಾಗಿದೆ, ಒಳಗೆ ಹೋಗಲು ಸಂಕೋಚ ಯಾಕೆ, ಅಲ್ವಾ?

ಕೂತು ಓದಲು ಕಾರ್ಡ್ ಬೇಡ. ಬಾಗಿಲ ಹತ್ತಿರ ರಿಜಿಸ್ಟರ್‌ನಲ್ಲಿ ಹೆಸರು ಬರೆದು ಸಹಿ ಹಾಕಿದರೆ ಸಾಕು. ಬೆಳಿಗ್ಗೆ ಹೋದರೆ ದಿನಪತ್ರಿಕೆ ಇಡಿಯಾಗಿ ಸಿಗುವ ಆಸೆ ಇಟ್ಟುಕೊಳ್ಳಬೇಡಿ. ಪಿಂಚಣಿದಾರರು ಹಾಳೆ ಹಾಳೆ ಬಿಡಿಸಿ ಹಂಚಿಕೊಂಡಿರುತ್ತಾರೆ. ಎಫ್‌ಡಿಎ, ಪಿಡಿಒ ಪರೀಕ್ಷೆಗೆ ಓದುವ ಹುಡುಗರು ಫ್ಯಾನ್ ಕೆಳಗಿನ ಜಾಗ ಹಿಡಿದುಬಿಡುತ್ತಾರೆ. ಸೋಮವಾರ ವಾರದ ರಜೆ, ಬೀಗ ನೋಡಿಕೊಂಡು ನನ್ನ ಹತ್ತಿರ ಬರಬೇಡಿ.

ಪುಸ್ತಕ ಮನೆಗೆ ಒಯ್ಯಲು ಸದಸ್ಯತ್ವ ಬೇಕು. ಅರ್ಜಿ, ಫೋಟೋ, ವಿಳಾಸದ ದಾಖಲೆ, ಸ್ವಲ್ಪ ಠೇವಣಿ. ಜನ ಸಿಕ್ಕಿಕೊಳ್ಳುವುದು ಇನ್ನೊಂದರಲ್ಲಿ. ಕೆಲವು ಕಡೆ ಅರ್ಜಿಗೆ ಗೆಜೆಟೆಡ್ ಅಧಿಕಾರಿಯ ಸಹಿ ಕೇಳುತ್ತಾರೆ. ಅದಕ್ಕಾಗಿ ತಾಲೂಕು ಕಚೇರಿ ಸುತ್ತಬೇಕಿಲ್ಲ. ಸರ್ಕಾರಿ ಪಿಯು ಕಾಲೇಜಿನ ಪ್ರಿನ್ಸಿಪಾಲರ ಸಹಿಯೂ ನಡೆಯುತ್ತದೆ. ಮಧ್ಯಾಹ್ನ ಊಟದ ಹೊತ್ತಿಗೆ ಹೋದರೆ ಸಿಗುತ್ತಾರೆ. ಠೇವಣಿ ರಸೀದಿ ಮಾತ್ರ ಜೋಪಾನ. ಸದಸ್ಯತ್ವ ಬಿಡುವಾಗ ಆ ದುಡ್ಡು ವಾಪಸ್ ಕೇಳಲು ಅದೇ ಬೇಕು. ಅದನ್ನೂ ಒಂದು ಜೆರಾಕ್ಸ್ ಮಾಡಿಸಿಡಿ (ವ್ಯಾಪಾರಕ್ಕಾಗಿ ಹೇಳುತ್ತಿಲ್ಲ, ರಸೀದಿಯ ಮಸಿ ಬೇಗ ಮಾಸುತ್ತದೆ).

ಹಳ್ಳಿಯಿಂದ ಬರುವವರು ಮೊದಲು ತಮ್ಮ ಪಂಚಾಯಿತಿಯಲ್ಲೇ ವಿಚಾರಿಸಿ. 2019ರಲ್ಲಿ ಗ್ರಾಮ ಪಂಚಾಯಿತಿ ಲೈಬ್ರರಿಗಳು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. ಈಗ ಅವಕ್ಕೆ ‘ಅರಿವು ಕೇಂದ್ರ’ ಅಂತ ಹೆಸರು. ‘ಓದುವ ಬೆಳಕು’ ಯೋಜನೆಯಲ್ಲಿ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ.

ಇನ್ನು ಬೀರು ಹುಡುಕುವ ವಿದ್ಯೆ. ಪುಸ್ತಕದ ಬೆನ್ನಿನ ಮೇಲೆ ಚೀಟಿ ಅಂಟಿಸಿರುತ್ತಾರೆ. ಡ್ಯೂಯಿ ಪದ್ಧತಿ (ವಿಷಯಕ್ಕೊಂದು ಅಂಕಿ ಕೊಟ್ಟು ಪುಸ್ತಕ ಜೋಡಿಸುವ ಕ್ರಮ) ಇರುವ ಲೈಬ್ರರಿಯಲ್ಲಿ 894.814 ಅಂದರೆ ಕನ್ನಡ ಸಾಹಿತ್ಯ. ಅದರ ಮುಂದೆ 1 ಇದ್ದರೆ ಕವಿತೆ, 2 ನಾಟಕ, 3 ಕಥೆ-ಕಾದಂಬರಿ. 920 ಅಂದರೆ ಜೀವನಚರಿತ್ರೆ. ಇಷ್ಟು ಗೊತ್ತಿದ್ದರೆ ಅರ್ಧ ಧೂಳು ಕುಡಿಯುವುದು ತಪ್ಪುತ್ತದೆ. ಆಮೇಲೆ ಪುಸ್ತಕದ ಕೊನೆಗೆ ಅಂಟಿಸಿದ ತಾರೀಖಿನ ಚೀಟಿ ನೋಡಿ. ಹಿಂದಿರುಗಿಸಬೇಕಾದ ದಿನಗಳನ್ನು ಒಂದರ ಕೆಳಗೊಂದು ಒತ್ತಿರುತ್ತಾರೆ. ಮುದ್ರೆಗೆ ಜಾಗವಿಲ್ಲದೆ ಚೀಟಿಯ ಮೇಲೆ ಇನ್ನೊಂದು ಚೀಟಿ ಬಿದ್ದಿದ್ದರೆ ಕಣ್ಣು ಮುಚ್ಚಿ ತನ್ನಿ. ಯಾವ ವಿಮರ್ಶೆಗಿಂತಲೂ ನನಗೆ ಆ ಚೀಟಿಯ ಮೇಲೆ ನಂಬಿಕೆ ಜಾಸ್ತಿ.

ಬೇಕಾದ ಪುಸ್ತಕ ಇಲ್ಲದಿದ್ದರೆ ಗೊಣಗುತ್ತಾ ಹೊರಬರಬೇಡಿ. ಪುಸ್ತಕದ ಹೆಸರು, ಲೇಖಕರು, ಪ್ರಕಾಶಕರು, ಮೂರನ್ನೂ ಒಂದು ಹಾಳೆಯಲ್ಲಿ ಬರೆದು ಕೊಡಿ. ಬಾಯಲ್ಲಿ ಹೇಳಿದ್ದು ಯಾರಿಗೂ ನೆನಪಿರುವುದಿಲ್ಲ. ಅಷ್ಟರೊಳಗೆ ಫೋನಿನಲ್ಲಿ ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯದಲ್ಲಿ ಹುಡುಕಿ. 2020ರಲ್ಲಿ ಶುರುವಾದದ್ದು, ನೋಂದಣಿಗೆ ದುಡ್ಡಿಲ್ಲ.

ಪತ್ತೇದಾರಿ ಕಾದಂಬರಿ ತರುವವರು ಮಾತ್ರ ಕೌಂಟರ್ ಬಿಡುವ ಮೊದಲು ಕೊನೆಯ ಪುಟಗಳು ಇವೆಯಾ ನೋಡಿಕೊಳ್ಳಿ. ಹರಿದಿದ್ದರೆ ಆಗಲೇ ತೋರಿಸಿ ಪುಸ್ತಕದ ಮೇಲೆ ಬರೆಸಿಕೊಳ್ಳಿ. ಇಲ್ಲದಿದ್ದರೆ ವಾಪಸ್ ಕೊಡುವಾಗ ದಂಡ ನಿಮ್ಮ ಮೇಲೆ ಬೀಳುತ್ತದೆ, ಕೊಲೆಗಾರ ಯಾರು ಅಂತಲೂ ಗೊತ್ತಾಗುವುದಿಲ್ಲ.