ಪಾಟಾಂಗ್‌ನಿಂದ ನಾಯ್ ಯಾಂಗ್‌ಗೆ: ರಜೆ ಮಧ್ಯೆ ಹೋಟೆಲ್ ಬದಲಾಯಿಸಿದ ನನ್ನ ಅನುಭವ

"ರಜೆಗೆ ಬಂದು ಬಾಡಿಗೆ ಮನೆ ಹುಡುಕೋರ ಥರ ಅಲೀತೀಯಲ್ಲೋ" ಅಂತ ಅಣ್ಣ ಮೊದಲ ದಿನವೇ ಅಂದಿದ್ದ. ಅತ್ತಿಗೆ ಏನೂ ಹೇಳಲಿಲ್ಲ, ಆದರೆ ಮುಖದಲ್ಲಿ ನಂಬಿಕೆ ಕಾಣಲಿಲ್ಲ. ನನ್ನ ಹೆಂಡತಿ ಮಾತ್ರ ನೇರವಾಗಿ ಕೇಳಿದಳು: "ರೀ, ಹೋದ ಎರಡು ಸಲ ಕಳ್ಕೊಂಡಿದ್ದು ಸಾಲದಾ?"

ಅವರನ್ನು ದೂರುವ ಹಾಗಿಲ್ಲ. ಥಾಯ್ಲೆಂಡಿನ ಫುಕೆಟ್ ದ್ವೀಪದಲ್ಲಿ ಎರಡು ಸಲ ಹೋಟೆಲ್ ವಿಷಯದಲ್ಲಿ ಸೋತಿದ್ದೆ. ಮೂರನೇ ಸಲ, 2025ರ ಫೆಬ್ರವರಿಯಲ್ಲಿ, ನಾನು ಅಂದುಕೊಂಡ ಹಾಗೇ ಆಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಸೋಲು 2024ರ ಜನವರಿಯದು. ಫುಕೆಟ್‌ನ ಗದ್ದಲದ ಬೀಚ್ ಪಾಟಾಂಗ್‌ನಲ್ಲಿ, ಬಾರ್, ಕ್ಲಬ್‌ಗಳೇ ತುಂಬಿರುವ ಬಾಂಗ್ಲಾ ರೋಡಿನಿಂದ ಎರಡು ಬೀದಿ ಆಚೆ ಆರು ರಾತ್ರಿಗೆ ರೂಮ್ ತೆಗೆದಿದ್ದೆ. ರಾತ್ರಿಗೆ ಸುಮಾರು 1,900 ಬಹ್ತ್ (ಥಾಯ್ ಹಣ). ಸ್ವಲ್ಪ ಅಗ್ಗ ಅಂತ ಹಣ ವಾಪಸ್ ಬಾರದ ಬುಕಿಂಗ್ ಮಾಡಿದ್ದೆ. ರಿವ್ಯೂ ಓದದೆ ಏನೂ ಹೋಗಿರಲಿಲ್ಲ. "ಎರಡು ಗಂಟೆಗೆ ಸಂಗೀತ ನಿಲ್ಲುತ್ತೆ" ಅಂತ ಹತ್ತಾರು ಜನ ಬರೆದಿದ್ದರು. ಅವೆಲ್ಲ ಹಳೇ ರಿವ್ಯೂ. 2023ರ ಡಿಸೆಂಬರ್ ಮಧ್ಯದಿಂದ ಫುಕೆಟ್‌ನ ರಾತ್ರಿ ಕ್ಲಬ್‌ಗಳಿಗೆ ಬೆಳಗಿನ ಜಾವ ನಾಲ್ಕರವರೆಗೆ ಅನುಮತಿ ಸಿಕ್ಕಿತ್ತು. ನನಗದು ಗೊತ್ತಾಗಿದ್ದು ಮೊದಲ ರಾತ್ರಿ ಮೂರೂವರೆಗೆ, ಹಾಸಿಗೆ ಮೇಲೆ ಕಣ್ಣು ಬಿಟ್ಟುಕೊಂಡು ಮಲಗಿದ್ದಾಗ. ಎರಡು ರಾತ್ರಿ ತಡೆದುಕೊಂಡು ಜಾಗ ಬಿಟ್ಟೆವು. ನಾಲ್ಕು ರಾತ್ರಿಯ ದುಡ್ಡು, ಏಳೂವರೆ ಸಾವಿರ ಬಹ್ತ್ ಹತ್ತಿರ, ಹೋಯಿತು. ಹೊಸ ರೂಮಿನ ಖರ್ಚು ಬೇರೆ.

ಎರಡನೇ ಸಲ ಅದೇ ವರ್ಷದ ಕೊನೆಗೆ ಕಾಟಾ ಬೀಚ್. ಮಧ್ಯಾಹ್ನ ಹೋಗಿ ನೋಡಿದೆ, ಸದ್ದೇ ಇರಲಿಲ್ಲ. ಐದು ರಾತ್ರಿಗೆ ದುಡ್ಡು ಕಟ್ಟಿದೆ. ಮಾರನೇ ದಿನ ಎಂಟಕ್ಕೆ ಹಿಂದಿನ ಕಟ್ಟಡದಲ್ಲಿ ಡ್ರಿಲ್ ಶುರುವಾಯಿತು. ನಾನು ನೋಡಲು ಹೋದ ದಿನ ಭಾನುವಾರ. ಕೆಲಸಗಾರರಿಗೆ ರಜೆ ಇತ್ತು ಅಷ್ಟೆ. ಹೋಟೆಲಿನವರು ಒಂದು ರಾತ್ರಿಯ ದುಡ್ಡು ವಾಪಸ್ ಕೊಟ್ಟರು, ಉಳಿದದ್ದು ಇಲ್ಲ.

ಈ ಎರಡು ಪೆಟ್ಟಿನಿಂದ ನನ್ನ ದಾರಿ ಹುಟ್ಟಿತು. ಊರಿನಿಂದಲೇ ಎಲ್ಲಾ ರಾತ್ರಿ ಬುಕ್ ಮಾಡುವುದಿಲ್ಲ. ಮೊದಲ ಎರಡು ರಾತ್ರಿ ಮಾತ್ರ ದುಡ್ಡು ಕಟ್ಟುತ್ತೇನೆ, ಅದೂ ಗದ್ದಲದ ಜಾಗದಲ್ಲೇ. ಈ ಮೂರನೇ ಸಲ ಅದು ಪಾಟಾಂಗ್: ಅಣ್ಣನಿಗೆ ಬಾಂಗ್ಲಾ ರೋಡ್ ನೋಡಬೇಕಿತ್ತು, ಅತ್ತಿಗೆಗೆ ಶಾಪಿಂಗ್. ಆ ಎರಡು ದಿನದಲ್ಲಿ ಅದು ಮುಗಿಯುತ್ತೆ. ಮೂರನೇ ರಾತ್ರಿಯಿಂದ ಶಾಂತವಾದ ಕಡೆ ಒಂದು ರೂಮ್ ಸುಮ್ನೆ ಹಿಡಿದಿಡುತ್ತೇನೆ. ಹಿಂದಿನ ರಾತ್ರಿಯವರೆಗೂ ಬಿಟ್ಟಿಯಾಗಿ ರದ್ದು ಮಾಡುವಂಥದ್ದು. ಅದು ಬರೀ ಆಸರೆ. ನಿಜವಾದ ರೂಮನ್ನು ಕಾಲಲ್ಲಿ ನಡೆದು, ಕಿವಿಯಲ್ಲಿ ಕೇಳಿ ಆರಿಸುತ್ತೇನೆ. ಕಿವಿಯಲ್ಲಿ ಕೇಳುವುದು ರಾತ್ರಿ, ಹಗಲಲ್ಲ.

ಎರಡನೇ ದಿನ ಮಧ್ಯಾಹ್ನ ನಾನೂ ಹೆಂಡತಿಯೂ ಸ್ಮಾರ್ಟ್ ಬಸ್ ಹತ್ತಿದೆವು. ರವಾಯ್‌ನಿಂದ ಪಾಟಾಂಗ್ ಮೇಲೆ ಏರ್‌ಪೋರ್ಟಿಗೆ ಹೋಗುವ ಬಸ್. ಹತ್ತಿದಾಗಲೆಲ್ಲ ತಲೆಗೆ 100 ಬಹ್ತ್ ಇತ್ತು. ದಾರಿಯಲ್ಲಿ ಕಮಲಾ, ಸುರಿನ್ ಬೀಚ್ ಎರಡೂ ಕಡೆ ಇಳಿದು ನೋಡಿದೆವು. ಸುರಿನ್ ಚೆಂದ, ಆದರೆ ನಮ್ಮ ಬೆಲೆಗೆ ರೂಮ್ ಇರಲಿಲ್ಲ. ಬಾಂಗ್ ತಾವ್ ಕಡೆ ಬೀಚ್ ಕ್ಲಬ್‌ಗಳಿವೆ, ಅದನ್ನು ಬಿಟ್ಟೆ. ಕೊನೆಗೆ ನಾಯ್ ಯಾಂಗ್.

ಏರ್‌ಪೋರ್ಟ್ ಪಕ್ಕದ ಬೀಚ್ ಶಾಂತವಾಗಿರುತ್ತಾ ಅಂತ ಎಲ್ಲರೂ ಕೇಳುತ್ತಾರೆ. ನನಗೂ ಅದೇ ಅನುಮಾನ ಇತ್ತು. ಅಲ್ಲಿ ಸಿರಿನಾತ್ ರಾಷ್ಟ್ರೀಯ ಉದ್ಯಾನದ ಭಾಗ ಇದೆ. ದಡದುದ್ದಕ್ಕೂ ಗಾಳಿ ಮರಗಳ ನೆರಳು. ದೊಡ್ಡ ಕಟ್ಟಡಗಳು ಕಡಿಮೆ. ವಿಮಾನ ಬರುತ್ತೆ ನಿಜ, ಉತ್ತರದ ತುದಿಯಲ್ಲಿ ತಲೆ ಮೇಲೇ ಬರುತ್ತೆ. ಆದರೆ ಆ ಸದ್ದು ಅರ್ಧ ನಿಮಿಷದಲ್ಲಿ ಹೋಗುತ್ತೆ. ಕ್ಲಬ್ ಸಂಗೀತದ ಬಾಸ್ (ಧಮ್ ಧಮ್ ಅನ್ನುವ ದಪ್ಪ ಸದ್ದು) ಹಾಗಲ್ಲ, ಅದು ಗೋಡೆ ದಾಟಿ ಬರುತ್ತೆ. ಇಯರ್‌ಪ್ಲಗ್ ಹಾಕಿದರೂ ಎದೆಗೆ ಬಡಿಯುತ್ತೆ. ಇಯರ್‌ಪ್ಲಗ್ ತಡೆಯುವುದು ಜಾಸ್ತಿ ಕೀಚಲು ಸದ್ದನ್ನು.

ಇಲ್ಲಿ ನನ್ನ ಒಂದು ಚಿಕ್ಕ ಪ್ರಯೋಗ ಹೇಳುತ್ತೇನೆ. ಫೋನಿನಲ್ಲಿ ಸದ್ದು ಅಳೆಯುವ ಆಪ್ ಹಾಕಿಕೊಂಡಿದ್ದೆ. ಪಾಟಾಂಗ್ ರೂಮಿನಲ್ಲಿ ಕಿಟಕಿ ಮುಚ್ಚಿ ಮಧ್ಯರಾತ್ರಿ ಅಳೆದರೆ ಐವತ್ತು ಡೆಸಿಬೆಲ್ ಆಸುಪಾಸು ತೋರಿಸಿತು. ಕೇಳಲು ಅದಕ್ಕಿಂತ ಎಷ್ಟೋ ಜಾಸ್ತಿ ಅನ್ನಿಸುತ್ತಿತ್ತು. ಫೋನಿನ ಮೈಕಿಗೆ ಬಾಸ್ ಸರಿಯಾಗಿ ಸಿಗುವುದಿಲ್ಲ. ಆಮೇಲೆ ಆಪ್ ಬಿಟ್ಟು, ಹಾಸಿಗೆಯ ತಲೆ ಕಡೆ ಗೋಡೆಗೆ ಅಂಗೈ ಇಟ್ಟು ನೋಡಿದೆ. ನಡುಕ ಕೈಗೆ ಗೊತ್ತಾಗುತ್ತಿತ್ತು. ಈಗ ಯಾವ ರೂಮಿಗೆ ಹೋದರೂ ಮೊದಲು ಗೋಡೆಗೆ ಕೈ. ನೂರು ರಿವ್ಯೂಗಿಂತ ಅದು ಮೇಲು, ನನ್ನ ಮಾತು ನಂಬಿ.

ನಾಯ್ ಯಾಂಗ್‌ನಲ್ಲಿ ಆರು ಗೆಸ್ಟ್‌ಹೌಸ್ ನೋಡಿದೆವು. ಹತ್ತು ಗಂಟೆಯವರೆಗೆ ಅಲ್ಲೇ ಇದ್ದೆವು. ಅಷ್ಟು ಹೊತ್ತಿಗೆ ಊಟದ ಜಾಗಗಳೆಲ್ಲ ದೀಪ ಆರಿಸುತ್ತಿದ್ದವು. ಎರಡು ಕಡೆ ಹಿತ್ತಲಲ್ಲಿ ಕೋಳಿ ಕಂಡಿತು. ಹುಂಜ ಇದ್ದರೆ ನಾಲ್ಕೂವರೆಗೇ ಎಬ್ಬಿಸುತ್ತೆ, ಬೇಡ ಅಂದೆ. ಒಂದರ ಹಿಂದೆ ಅರ್ಧ ಕಟ್ಟಿದ ಗೋಡೆ ಇತ್ತು, ಕಾಟಾ ನೆನಪಾಗಿ ಮುಂದಕ್ಕೆ ಹೋದೆ. ಕೊನೆಗೆ ಸಿಕ್ಕಿದ್ದು ಬೀಚಿನಿಂದ ಐದು ನಿಮಿಷ ದೂರದ ಎರಡಂತಸ್ತಿನದು. ಆನ್‌ಲೈನಿನಲ್ಲಿ ಒಂದು ರೂಮಿಗೆ ರಾತ್ರಿಗೆ 1,600 ಇತ್ತು. ಎದುರಿಗೆ ನಿಂತು, ಎರಡು ರೂಮ್, ಐದು ರಾತ್ರಿ, ನಗದು ಅಂದಾಗ 1,250ಕ್ಕೆ ಇಳಿಯಿತು. ಅದಕ್ಕೆ ಮೊದಲು ನಾನು ಕೇಳುವ ಒಂದು ಪ್ರಶ್ನೆ ಇದೆ. ಅದನ್ನಿಲ್ಲಿ ಬರೆಯುವುದಿಲ್ಲ, ಎಲ್ಲರೂ ಕೇಳತೊಡಗಿದರೆ ಕೆಲಸ ಮಾಡಲ್ಲ. ಆ ಗೆಸ್ಟ್‌ಹೌಸಿನ ಹೆಸರೂ ನನ್ನಲ್ಲೇ ಇರಲಿ. ಇರುವುದೇ ಹತ್ತು ಹನ್ನೆರಡು ರೂಮ್.

ವಾಪಸ್ ಬರಲು ಆಪ್‌ನಲ್ಲಿ ಕಾರು, 700 ಚಿಲ್ಲರೆ. ಬರುವ ದಾರಿಯಲ್ಲಿ ಆಸರೆಯ ಬುಕಿಂಗ್ ರದ್ದು ಮಾಡಿದೆ. ಗಡುವು ಮುಗಿಯಲು ಇನ್ನೂ ಒಂದು ಗಂಟೆ ಇತ್ತು.

ಬದಲಾಯಿಸುವ ದಿನದ್ದೇ ದೊಡ್ಡ ತಲೆನೋವು ಅಂತ ಹೆದರಿಸುವವರಿದ್ದಾರೆ. ಹಾಗೇನಿಲ್ಲ. ಪಾಟಾಂಗ್‌ನಲ್ಲಿ ಹನ್ನೆರಡಕ್ಕೆ ಬಿಡಬೇಕು, ಇಲ್ಲಿ ಎರಡಕ್ಕೆ ರೂಮ್. ನಾಲ್ಕು ಜನರ ಸಾಮಾನು ಇದ್ದದ್ದರಿಂದ ಬಸ್ ಬೇಡ ಅಂದು ದೊಡ್ಡ ಕಾರು ಮಾಡಿದೆವು, ಸಾವಿರ ಬಹ್ತ್ ಆಯಿತು. ಬ್ಯಾಗ್ ಕೌಂಟರಿನಲ್ಲಿಟ್ಟು ನೀರಿಗಿಳಿದೆವು. ಈಜುವ ಬಟ್ಟೆ ಮಾತ್ರ ಕೈಚೀಲದಲ್ಲಿ ಬೇರೆ ಇಟ್ಟುಕೊಳ್ಳಿ. ಪಾಟಾಂಗ್ ಬಿಡುವ ಮೊದಲು ಡೆಪಾಸಿಟ್ 1,000 ವಾಪಸ್ ಕೇಳಿ ಪಡೆಯಿರಿ. ಎಟಿಎಂನಿಂದ ಒಂದೇ ಸಲ ಜಾಸ್ತಿ ತೆಗೆಯಿರಿ, ಪ್ರತಿ ಸಲ ಶುಲ್ಕ ಹಿಡಿಯುತ್ತಾರೆ, ಆಗ 220 ಬಹ್ತ್ ಹತ್ತಿರ ಇತ್ತು.

ಕೊರತೆ ಇಲ್ಲ ಅನ್ನುವುದಿಲ್ಲ. ಇಳಿತದ ಹೊತ್ತಿಗೆ ನೀರು ಹಿಂದೆ ಸರಿದು ಮೊಣಕಾಲಷ್ಟೇ ಉಳಿಯುತ್ತೆ, ಈಜಲು ಉಬ್ಬರ ನೋಡಿಕೊಂಡು ಹೋಗಬೇಕು. ಸಂಜೆ ಸೊಳ್ಳೆ ಇದೆ. ರಾತ್ರಿ ಹತ್ತರ ಮೇಲೆ ಹಸಿವಾದರೆ ಕಷ್ಟ.

ಮೊದಲ ರಾತ್ರಿ ಅಣ್ಣ ಒಂಬತ್ತೂವರೆಗೆ ಮಲಗಿದವನು ಬೆಳಿಗ್ಗೆ ಏಳಕ್ಕೆ ಎದ್ದ. ನಾಲ್ಕನೇ ದಿನ ಅವನೇ ಬಂದು, "ಟಿಕೆಟ್ ಎರಡು ದಿನ ಮುಂದಕ್ಕೆ ಹಾಕಕ್ಕಾಗುತ್ತಾ ನೋಡೋ" ಅಂದ. ಆಗಲಿಲ್ಲ, ದಂಡ ಜಾಸ್ತಿ ಇತ್ತು.

ಲೆಕ್ಕ ಹೇಳಬೇಕಂದರೆ, ಹುಡುಕಾಟಕ್ಕೆ ಬಸ್, ಕಾರು, ಟೀ ಎಲ್ಲಾ ಸೇರಿ ಸಾವಿರದ ನಾನೂರರಷ್ಟು. ಜಾಗ ಬದಲಾಯಿಸಲು ಇನ್ನೊಂದು ಸಾವಿರ. ಎರಡು ರೂಮಿನಲ್ಲಿ ಐದು ರಾತ್ರಿಗೆ ಉಳಿದದ್ದು ಮೂರೂವರೆ ಸಾವಿರ.

ಮುಂದಿನ ಸಲ ಥಾಯ್ಲೆಂಡಿನದೇ ಇನ್ನೊಂದು ದ್ವೀಪ ಕೊ ಸಮುಯಿ ಯೋಚನೆ ಇದೆ. ಫುಕೆಟ್‌ನಲ್ಲಿ ಮೇಯಿಂದ ಅಕ್ಟೋಬರ್‌ವರೆಗೆ ಮಳೆಗಾಲ, ದಡದಲ್ಲಿ ಈಜಬೇಡಿ ಅನ್ನುವ ಕೆಂಪು ಬಾವುಟ. ಸಮುಯಿಯಲ್ಲಿ ಜೋರು ಮಳೆ ಅಕ್ಟೋಬರ್ ಮೇಲೆ, ಹಾಗಾಗಿ ಜುಲೈನಲ್ಲಿ ಹೋಗಬಹುದು. ಗದ್ದಲದ ಚವೆಂಗ್ ಬೀಚ್‌ನಲ್ಲಿ ಎರಡು ರಾತ್ರಿ, ಆಮೇಲೆ ಶಾಂತವಾದ ಮೇನಾಮ್ ಬೀಚ್ ಕಡೆ ನಡೆದು ನೋಡುವುದು. ಈ ಸಲ ಅಣ್ಣನೂ ರಾತ್ರಿ ಜೊತೆಗೆ ಬರ್ತೀನಿ ಅಂದಿದ್ದಾನೆ.